ಅಟ್ಟದ ಮೇಲಿನ ಕಾರ್ಬೈನು: ಅಸಲಿಯೋ, ಕತ್ತರಿಸಿದ್ದೋ?



ಗೊಬ್ಬರ, ಬೋರ್ಡೋ ದ್ರಾವಣ, ಕೊಳೆರೋಗಗಳ ಮಾತನ್ನು ಈ ಸಲ ಬದಿಗಿಟ್ಟು, ನಮ್ಮಲ್ಲಿ ಹಲವರ ಮನೆಯಲ್ಲಿರುವ ಹಳೆಯ ಬಂದೂಕಿನ ವಿಷಯ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಹುಟ್ಟೂರು ತಾಯಲೂರಿಗೆ ಹೋಗಿದ್ದೆ. ಚಿಕ್ಕಪ್ಪನ ಮಗ ಅಟ್ಟದಿಂದ ಗೋಣಿಯಲ್ಲಿ ಸುತ್ತಿದ್ದ ಬಂದೂಕೊಂದನ್ನು ಇಳಿಸಿದ. "ಅಣ್ಣಾ, ಇದು ಚಿನ್ನದ ಗಣಿ ಪಡೆಯ ಕಾರ್ಬೈನಂತೆ. ಒಬ್ಬರು ಒಳ್ಳೇ ಬೆಲೆ ಕೊಡ್ತೀನಿ ಅಂತಾರೆ. ಕೊಡೋದಾ?" ಎಂದು ಕೇಳಿದ. ತುಂಬಿದ ಬಂದೂಕಲ್ಲವೆಂದು ಮೊದಲು ಖಚಿತಪಡಿಸಿಕೊಂಡು, ಆಮೇಲೆ ಬಿಸಿಲಿಗೆ ಹಿಡಿದೆವು.

ಬ್ರಿಟಿಷರ ಕಾಲದಲ್ಲಿ ಕೋಲಾರದ ಗಣಿಯಲ್ಲೂ, ಕಾಫಿ ಸೀಮೆಯಲ್ಲೂ ಸ್ವಯಂಸೇವಕ ಪಡೆಗಳಿದ್ದುದು ನಿಜ. ಪ್ಲಾಂಟರುಗಳ ಪಡೆಗೆ 'ಕೂರ್ಗ್ ಅಂಡ್ ಮೈಸೂರು ರೈಫಲ್ಸ್' ಎಂದು ಹೆಸರು. ಆದರೆ ಪಡೆಯ ಆಯುಧ ಸರ್ಕಾರದ ಸ್ವತ್ತು. ಆದ್ದರಿಂದ ಮನೆಯ ಕಥೆ ಸಾಕ್ಷಿಯಲ್ಲ. ಕಬ್ಬಿಣದ ಮೇಲಿನ ಮುದ್ರೆಯೇ ಸಾಕ್ಷಿ.

ಕುದುರೆ ಸವಾರರಿಗೂ ಫಿರಂಗಿ ದಳಕ್ಕೂ ಅನುಕೂಲವಾಗಲೆಂದು ಮಾಡಿದ ಗಿಡ್ಡ ರೈಫಲ್ಲೇ ಕಾರ್ಬೈನು. ನಾವು ನೋಡಿದ್ದು ಮಾರ್ಟಿನಿ-ಹೆನ್ರಿ. ಬ್ರಿಟಿಷ್ ಸೇನೆ ಇದರ ರೈಫಲನ್ನು 1871ರಲ್ಲಿ, ಸವಾರರ ಕಾರ್ಬೈನನ್ನು 1877ರಲ್ಲಿ ಸ್ವೀಕರಿಸಿತು. ರೈಫಲಿನ ನಳಿಗೆ ಸುಮಾರು 33 ಅಂಗುಲ, ಕಾರ್ಬೈನಿನದು ಸುಮಾರು 21. ಹೀಗಾಗಿ ರೈಫಲನ್ನು ಕತ್ತರಿಸಿ ಕಾರ್ಬೈನೆಂದು ಮಾರುವುದು ಸುಲಭ.

ಬಲಮಗ್ಗುಲಲ್ಲಿ ಕಿರೀಟ, ವಿ.ಆರ್. ಅಕ್ಷರ, ಕಾರ್ಖಾನೆಯ ಹೆಸರು, ಇಸವಿ ಇರುತ್ತವೆ. ಕಾರ್ಬೈನಾಗಿಯೇ ಹುಟ್ಟಿದ್ದಕ್ಕೆ 'ಐ.ಸಿ.' ಎಂಬ ಗುರುತೂ ಇರಬೇಕು. ಸರ್ಕಾರಿ ಕಾರ್ಖಾನೆಯೇ ಮೊಟಕು ಮಾಡಿದ ರೈಫಲುಗಳೂ ಉಂಟು. ಅವಕ್ಕೆ ಬೇರೆ ಮುದ್ರೆ. ವಿಕ್ಟೋರಿಯಾ ರಾಣಿ ತೀರಿಕೊಂಡಿದ್ದು 1901ರಲ್ಲಿ. ಅದಾದ ಮೇಲಿನ ಇಸವಿಯ ಜೊತೆ ವಿ.ಆರ್. ಇದ್ದರೆ ಅದು ವಾಯವ್ಯ ಗಡಿಯ ಕುಶಲಕರ್ಮಿಗಳ ನಕಲಿರಬಹುದು. ಅಲ್ಲಿ ಅಕ್ಷರಗಳೂ ತಲೆಕೆಳಗಾಗುವುದುಂಟು. ಎರಡು ಬಾಣದ ಗುರುತುಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ, ಸರ್ಕಾರ ಅದನ್ನು ಸೇವೆಯಿಂದ ತೆಗೆದು ಮಾರಿತೆಂದು ಅರ್ಥ.

ಎರಡನೇ ಮಹಾಯುದ್ಧದ 'ಜಂಗಲ್ ಕಾರ್ಬೈನ್' ಕಥೆಯೂ ಹೀಗೆಯೇ. 1944ರಿಂದ 1947ರವರೆಗೆ ತಯಾರಾದ ಅದಕ್ಕೆ ಬೇಡಿಕೆ ಬಂದಾಗ, ಅಮೆರಿಕದಲ್ಲಿ ನಂಬರ್ 4 ರೈಫಲುಗಳನ್ನೇ ಮೊಟಕು ಮಾಡಿ ಮಾರಿದರು. ತೂಕ ಇಳಿಸಲೆಂದು ಅಸಲಿಯ ನಳಿಗೆಯ ಬುಡದಲ್ಲಿ ಕೆತ್ತಿದ ತಗ್ಗುಗಳು ಇವುಗಳಲ್ಲಿಲ್ಲ.

ಅಡಿಕೆ ಮಂಡಿಯಲ್ಲಿ ಮೇಲ್ಪದರ ನೋಡಿ ಯಾರೂ ಚೀಲಕ್ಕೆ ಬೆಲೆ ಕಟ್ಟುವುದಿಲ್ಲ; ಒಳಗೆ ಕೈ ಹಾಕಿ ಹಿಡಿ ತೆಗೆಯುತ್ತಾರೆ. ಇಲ್ಲಿಯೂ ಹಾಗೆಯೇ. ಮರ, ಕಬ್ಬಿಣ, ಮುದ್ರೆ, ಸವೆತ ಎಲ್ಲವೂ ಒಂದೇ ವಯಸ್ಸನ್ನು ಹೇಳಬೇಕು. ತಾಯಲೂರಿನ ಬಂದೂಕಿನಲ್ಲಿ ಇಸವಿ 1874, 'ಐ.ಸಿ.' ಇಲ್ಲ; ನಳಿಗೆಯ ತುದಿ ಸೊಟ್ಟ; ಮುಂಗುರಿಯನ್ನು ಬೆಸುಗೆ ಹಾಕಿ ಕೂರಿಸಿತ್ತು. ಯಾರೋ ಗರಗಸ ಹಿಡಿದು ಮಾಡಿದ ಕಾರ್ಬೈನು! ತಮ್ಮನ ಮುಖ ಸಣ್ಣದಾಯಿತು.

ನಗುವ ಅಧಿಕಾರ ನನಗಿರಲಿಲ್ಲ. ಕಾಲೇಜು ಮುಗಿಸಿ ಬಂದ ವರ್ಷ, ಆಯುಧ ಪೂಜೆಗೆ ಥಳಥಳಿಸಲೆಂದು ತಾತನ ಕೋವಿಯನ್ನು ಮರಳು ಕಾಗದದಿಂದ ಉಜ್ಜಿ, ಇದ್ದ ಮುದ್ರೆಗಳನ್ನೆಲ್ಲ ಅಳಿಸಿದವನು ನಾನೇ. ಅದು ಅಸಲಿಯೋ ನಕಲಿಯೋ ಇನ್ನು ಯಾರೂ ಹೇಳಲಾರರು. ಹಳೆಯ ಬಂದೂಕಿಗೆ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಉಜ್ಜಬೇಡಿ, ಬಣ್ಣ ಬಳಿಯಬೇಡಿ, ಬಿಡಿಭಾಗ ಬದಲಿಸಬೇಡಿ.

ಬೆಲೆಗಿಂತ ದೊಡ್ಡ ಮಾತು ಇನ್ನೊಂದಿದೆ. ತಮ್ಮನ ಬಳಿ ಇದ್ದ ಲೈಸೆನ್ಸ್ ತೀರಿಹೋದ ಚಿಕ್ಕಪ್ಪನ ಹೆಸರಿನದು. 1959ರ ಆಯುಧ ಕಾಯ್ದೆಯಂತೆ ಅಂಥ ಬಂದೂಕನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಿ, ವಾರಸುದಾರರು ಅರ್ಜಿ ಹಾಕಬೇಕು. 'ಹಳೆಯದು, ಲೈಸೆನ್ಸ್ ಬೇಡ' ಎಂಬುದು ಅರ್ಧಸತ್ಯ. ದುರಸ್ತಿ ಮಾಡಿದರೂ ಹಾರದಂಥ ಪುರಾತನ ಆಯುಧಕ್ಕೆ ಮಾತ್ರ ಆ ವಿನಾಯಿತಿ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ನಮಗೆಲ್ಲ ಅನ್ವಯಿಸದು. ತಮ್ಮ ಮರುದಿನವೇ ಠಾಣೆಗೆ ಹೋಗಿ ಒಪ್ಪಿಸಿ, ರಸೀದಿ ತಂದ.

ಸದಸ್ಯರು ತಮ್ಮ ಅಟ್ಟವನ್ನೊಮ್ಮೆ ನೋಡಿ, ಮೊದಲು ಕಾಗದಪತ್ರ ಸರಿಪಡಿಸಿಕೊಂಡು, ಆಮೇಲೆ ಬೆಲೆಯ ಮಾತಾಡಬೇಕೆಂದು ವಿನಂತಿ.

— ಕಾರ್ಯದರ್ಶಿ