ಹತ್ತರಲ್ಲಿ ಒಂದು ಯಾರ ಪಾಲು?

ತೊಗರಿ ಮಾರಿ ನಮ್ಮ ಸಿಂದಗಿ ತಾಲ್ಲೂಕಿನ ಮೋರಟಗಿಗೆ ಮರಳಿದ ರೈತನ ಮನೆಯಲ್ಲಿ ಮೊದಲು ಬಿಚ್ಚಿಕೊಳ್ಳುವುದು ಅಡತಿ ಅಂಗಡಿಯ ಪಟ್ಟಿ. ಎಷ್ಟು ಕ್ವಿಂಟಲ್, ಏನು ದರ ಎಂಬುದು ದಾರಿಯಲ್ಲೇ ಬಾಯಿಪಾಠವಾಗಿರುತ್ತದೆ. ಕಣ್ಣು ಹೋಗುವುದು ಕೆಳಗಿನ ಸಾಲುಗಳಿಗೆ. ‘ಇದು ಯಾತರದ್ದೋ ತಮ್ಮಾ, ಯಾಕ ಮುರ್ಕೊಂಡಾರ?’ ಎಂದು ಅಪ್ಪ ಕೇಳಿದರೆ ಓದಿದ ಮಗ ಒಂದೊಂದೇ ಬಿಡಿಸಿ ಹೇಳಬೇಕು.

ಆ ಮಗ ಈಗ ಬೆಂಗಳೂರಿನಲ್ಲಿ ಕುಳಿತು ಕನ್ನಡದ ಫಾಂಟನ್ನೋ ಕಾಗುಣಿತ ತಿದ್ದುವ ತಂತ್ರಾಂಶವನ್ನೋ ಬರೆದು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಎಂದು ಬಿಟ್ಟುಕೊಟ್ಟಿದ್ದಾನೆ ಎನ್ನಿ. ಯಾರೋ ಮೆಚ್ಚಿ ಲಕ್ಷ ರೂಪಾಯಿ ಕೊಡಲು ಬರುತ್ತಾರೆ. ಯಾರ ಹೆಸರಿಗೆ ಕೊಡಬೇಕು? ಇಂಥ ಓಪನ್ ಸೋರ್ಸ್ ಯೋಜನೆಗೆ ಪ್ಯಾನ್ ಕಾರ್ಡ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಕಾನೂನಿನ ಕಣ್ಣಿಗೆ ಅದು ಇಲ್ಲವೇ ಇಲ್ಲ. ತನ್ನ ಖಾತೆಗೇ ಹಾಕಿಸಿಕೊಂಡರೆ ನಾಳೆ ಆದಾಯ ತೆರಿಗೆಯವರಿಗೆ ಉತ್ತರ ಕೊಡಬೇಕು, ನಾಡಿದ್ದು ಜೊತೆಗೆ ಕೋಡ್ ಬರೆದ ಗೆಳೆಯರಿಗೆ. ಎರಡನೆಯದೇ ಹೆಚ್ಚು ಕಷ್ಟ. ಗಣಪತಿ ಚಂದಾ ಒಬ್ಬನ ಜೇಬಿನಲ್ಲಿ ಉಳಿದ ವರ್ಷ ಊರಿನಲ್ಲಿ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು.

ಇದಕ್ಕೆ ಹುಟ್ಟಿಕೊಂಡ ದಾರಿಯೇ ‘ಫಿಸ್ಕಲ್ ಸ್ಪಾನ್ಸರ್’. ಕನ್ನಡದಲ್ಲಿ ಆಶ್ರಯ ಸಂಸ್ಥೆ ಎನ್ನೋಣ. ನೋಂದಣಿಯಾದ, ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ತನ್ನ ಹೆಸರನ್ನು ಹತ್ತಾರು ಯೋಜನೆಗಳಿಗೆ ಕೊಡೆಯಂತೆ ಹಿಡಿಯುತ್ತದೆ. ದೇಣಿಗೆ ತೆಗೆದುಕೊಂಡು ರಸೀದಿ ಕೊಡುವುದು, ಲೆಕ್ಕ ಬರೆದು ತೆರಿಗೆ ವಿವರ ಸಲ್ಲಿಸುವುದು, ಕರಾರಿಗೆ ಸಹಿ ಹಾಕುವುದು, ಟ್ರೇಡ್‌ಮಾರ್ಕ್ ಕಾಯುವುದು, ಎಲ್ಲ ಅದರ ಪಾಲಿನ ಕೆಲಸ. ಇದಕ್ಕೆ ಪ್ರತಿಯಾಗಿ ಬಂದ ಹಣದಲ್ಲಿ ಒಂದಂಶ ಮುರಿದುಕೊಳ್ಳುತ್ತದೆ.

ಎಷ್ಟು? ಡೆಬಿಯನ್ ಲಿನಕ್ಸ್‌ಗಾಗಿ 1997ರಲ್ಲಿ ಅಮೆರಿಕದಲ್ಲಿ ಶುರುವಾದ ‘ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್’ ಶೇ 5 ತೆಗೆದುಕೊಳ್ಳುತ್ತದೆ. ಗಿಟ್, ಇಂಕ್‌ಸ್ಕೇಪ್‌ಗಳಿಗೆ ನೆರಳಾದ, 2006ರಲ್ಲಿ ಹುಟ್ಟಿದ ‘ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ’ಯ ವಾಡಿಕೆ ಶೇ 10. ‘ಓಪನ್ ಸೋರ್ಸ್ ಕಲೆಕ್ಟಿವ್’ನದೂ ಅಷ್ಟೇ. 1999ರ ಅಪಾಚೆ ಫೌಂಡೇಷನ್ನಿನ ರೀತಿ ಬೇರೆ: ದೇಣಿಗೆ ಬಹುಮಟ್ಟಿಗೆ ಒಟ್ಟು ಸಂಸ್ಥೆಗೇ ಬರುವುದರಿಂದ ಯೋಜನೆಯಿಂದ ಮುರಿದುಕೊಳ್ಳುವ ಮಾತಿಲ್ಲ. ಒಂದೇ ಒಲೆಯ ಕೂಡು ಕುಟುಂಬ ಅದು.

ಹತ್ತರಲ್ಲಿ ಒಂದು ಎಂದರೆ ಮೊದಲಿಗೆ ಕಣ್ಣು ಕೆಂಪಾಗುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 20 ಸಾವಿರ ರೂಪಾಯಿ ಬರುವ ಪುಟ್ಟ ಯೋಜನೆ ಕೊಡುವುದು 2 ಸಾವಿರ. ಲೆಕ್ಕಪರಿಶೋಧಕರ ಬಾಗಿಲು ಬಡಿಯಲೂ ಅದು ಸಾಲದು. ಆದರೆ 20 ಲಕ್ಷ ಬರುವ ಯೋಜನೆಗೂ ಅದೇ ಶೇಕಡಾವಾರು, 2 ಲಕ್ಷ. ಅದರ ಲೆಕ್ಕ ಬರೆಯಲು ನೂರು ಪಟ್ಟು ಶ್ರಮವೇನೂ ಬೇಡ. ಅಂದರೆ ದೊಡ್ಡ ಹೊಲದವರು ಸಣ್ಣ ಹೊಲದವರ ಕಾಲುವೆ ಖರ್ಚು ಹೊರುತ್ತಿದ್ದಾರೆ. ದೊಡ್ಡವರು ಗೊಣಗುವುದೂ ಇದಕ್ಕೇ. ನನ್ನ ಮಟ್ಟಿಗೆ ಈ ಗೊಣಗಾಟ ಅನ್ಯಾಯದ್ದು. ಅವರೂ ಒಂದು ಕಾಲಕ್ಕೆ 20 ಸಾವಿರದವರೇ ಆಗಿದ್ದರು. ಇಷ್ಟಾಗಿಯೂ ಕನ್ಸರ್ವೆನ್ಸಿ ವರ್ಷ ವರ್ಷವೂ ತನ್ನ ಖರ್ಚಿಗೆ ಬೇರೆ ದೇಣಿಗೆ ಎತ್ತುತ್ತದೆ.

ಮುರಿದುಕೊಂಡ ಪಾಲು ಸಾಲದೆ ಹೋದರೆ ಏನಾಗುತ್ತದೆ ಎಂಬುದನ್ನು ‘ಓಪನ್ ಕಲೆಕ್ಟಿವ್ ಫೌಂಡೇಷನ್’ ತೋರಿಸಿತು. ಅಮೆರಿಕದ 600ಕ್ಕೂ ಹೆಚ್ಚು ಗುಂಪುಗಳಿಗೆ ಅದು ಆಸರೆಯಾಗಿತ್ತು. 2024ರ ಫೆಬ್ರುವರಿಯಲ್ಲಿ, ಈ ವ್ಯವಹಾರ ಇನ್ನು ತಾಳಿಕೆಗೆ ಬರುವುದಿಲ್ಲ, ಬಾಗಿಲು ಹಾಕುತ್ತೇವೆ ಎಂದುಬಿಟ್ಟಿತು. ಆ ಗುಂಪುಗಳೆಲ್ಲ ಹಣದ ಗಂಟು ಹಿಡಿದು ಹೊಸ ಮನೆ ಹುಡುಕಬೇಕಾಯಿತು.

ನಮ್ಮಲ್ಲಿ ತೊಡಕು ಶೇಕಡಾವಾರಿನದಲ್ಲ, ಆಸರೆಯದು. ಕನ್ನಡ ವಿಕಿಪೀಡಿಯ 2003ರದು. ಬರೆಯುವವರು ಉಂಟು, ಹಣ ಯಾರ ಹೆಸರಿಗೆ ಎಂಬುದೇ ಪ್ರಶ್ನೆ. ಬೆಂಗಳೂರಿನಲ್ಲಿ 2011ರಲ್ಲಿ ನೋಂದಣಿಯಾದ, ವಿಕಿಪೀಡಿಯ ನಡೆಸುವ ವಿಕಿಮೀಡಿಯಾದ ಭಾರತ ಘಟಕ 2019ರಲ್ಲಿ ಮಾನ್ಯತೆ ಕಳೆದುಕೊಂಡಿತು. ಅಷ್ಟರಲ್ಲಿ, 2012ರಿಂದಲೇ, ಬೆಂಗಳೂರಿನ ‘ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ’ ವಿಕಿಮೀಡಿಯಾ ಅನುದಾನ ಪಡೆದು ಭಾರತೀಯ ಭಾಷೆಗಳ ವಿಕಿ ಕೆಲಸಕ್ಕೆ ಬೆನ್ನಾಗಿತ್ತು. ಹಣ ಹೊರದೇಶದ್ದು, ಆದ್ದರಿಂದ ವಿದೇಶಿ ದೇಣಿಗೆ ಕಾಯ್ದೆ ಅಡ್ಡ ನಿಲ್ಲುತ್ತದೆ. 2010ರ ಆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಬಂತು. ಆಡಳಿತ ಖರ್ಚಿನ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಹತ್ತರಲ್ಲಿ ಒಂದು ಅದರೊಳಗೆ ಆರಾಮಾಗಿ ಹಿಡಿಸುತ್ತದೆ. ಪೆಟ್ಟು ಬಿದ್ದದ್ದು ಇನ್ನೊಂದು ಕಡೆ: ಪಡೆದ ಹಣವನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತೆಯೇ ಇಲ್ಲ. ಆಶ್ರಯ ಸಂಸ್ಥೆ ತಾನೇ ಖರ್ಚು ಮಾಡಬೇಕು, ಕೆಳಗಿನ ಪುಟ್ಟ ಸಂಘಕ್ಕೆ ಕೊಡುವ ಹಾಗಿಲ್ಲ. ಕಾಲುವೆ ಉಂಟು, ಹೊಲಕ್ಕೆ ತೂಬಿಲ್ಲ.

ಆಸರೆ ಇಲ್ಲದ ಕೆಲಸಕ್ಕೆ ಬೆಲೆ ಯಾರು ತೆರುತ್ತಾರೆ ಎಂಬುದಕ್ಕೆ ನಮ್ಮ ಜಿಲ್ಲೆಯದೇ ಹಳೆಯ ಸಾಕ್ಷಿ ಇದೆ. ತಾಳೆಗರಿ ಹುಡುಕಿ ವಚನಗಳನ್ನು ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದಾಗ ಅದಕ್ಕೆ ಸ್ವಂತ ಮನೆಯನ್ನೇ ಮಾರಿದರು. ಇದೇ ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಹುಟ್ಟಿದ ವಿದ್ವಾಂಸ ಎಂ.ಎಂ. ಕಲಬುರ್ಗಿಯವರ ಕಾಲಕ್ಕೆ ಸರ್ಕಾರ ಬೆನ್ನಿಗಿತ್ತು; ಸಮಗ್ರ ವಚನ ಸಂಪುಟ 15 ಸಂಪುಟಗಳಲ್ಲಿ ಬಂತು. ಆಮೇಲೆ ‘ಸಂಚಯ’ದ ಸ್ವಯಂಸೇವಕರು 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಾಕಿ ಹುಡುಕುವಂತೆ ಅಂತರ್ಜಾಲದಲ್ಲಿ ಇಟ್ಟರು. ನಾವು ಬಿಡಿಗಾಸು ಕೊಡದೆ ಬಳಸುತ್ತೇವೆ. ಸರ್ವರಿನ ಬಾಡಿಗೆಯ ಪಟ್ಟಿ ಯಾರ ಮನೆಗೆ ಹೋಗುತ್ತದೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಈಗ ದೇಶದೊಳಗೇ ಹಣದ ಸೆಲೆ ಕಾಣಿಸಿಕೊಂಡಿದೆ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರ ಅಕ್ಟೋಬರಿನಲ್ಲಿ ಓಪನ್ ಸೋರ್ಸ್‌ಗಾಗಿ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿತು. ಒಂದು ಯೋಜನೆಗೆ 10 ಸಾವಿರದಿಂದ 1 ಲಕ್ಷ ಡಾಲರ್. ಮೋರಟಗಿಯ ಹುಡುಗನೂ ಅರ್ಜಿ ಹಾಕಬಹುದು. ಅಷ್ಟು ಹಣ ಒಬ್ಬನ ಉಳಿತಾಯ ಖಾತೆಗೆ ಬಂದು ಬೀಳುವ ಮೊದಲು ಆಸರೆಯೊಂದನ್ನು ನೋಡಿಕೊಳ್ಳುವುದು ಒಳ್ಳೆಯದು. ಹತ್ತರಲ್ಲಿ ಒಂದು ಕೊಡಲು ಹಿಂದೆಮುಂದೆ ನೋಡಬೇಡ ತಮ್ಮಾ. ಆದರೆ ನಿಮ್ಮಪ್ಪ ಅಡತಿ ಅಂಗಡಿಯಲ್ಲಿ ಕೇಳುವ ಹಾಗೆ ಪಟ್ಟಿ ಮಾತ್ರ ಬಿಡದೆ ಕೇಳು.