ವಿಡಿಯೊ ಪರಿವರ್ತನೆ: ಉಳಿದ ಭಾಷೆಗಳು ಎಲ್ಲಿ ಹೋದವು?

ಕ್ಯಾಸಂಬಳ್ಳಿ: ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು, ಕೆಜಿಎಫ್ ಪೇಟೆಗೆ ಹೋದರೆ ತಮಿಳು. ಆಂಧ್ರದ ಗಡಿಗೆ ಸಮೀಪವಿರುವ ಈ ಹೋಬಳಿಯಲ್ಲಿ ಒಂದೇ ಮನೆಯವರು ಮೂರು ಭಾಷೆಗಳಲ್ಲಿ ವ್ಯವಹರಿಸುವುದು ಹೊಸತೇನಲ್ಲ. ಅಜ್ಜಿಗೆ ಒಂದು ಭಾಷೆ, ಮೊಮ್ಮಗನಿಗೆ ಇನ್ನೊಂದು ಭಾಷೆ ಕೇಳಿಸಬಲ್ಲ ಡಿವಿಡಿ ಇಂತಹ ಮನೆಗಳಿಗೆ ಹೇಳಿಮಾಡಿಸಿದಂತಿದೆ. ಆದರೆ ಅದೇ ಡಿವಿಡಿಯ ಚಿತ್ರವನ್ನು ಪೆನ್‌ಡ್ರೈವ್‌ಗೋ ಮೊಬೈಲ್‌ಗೋ ಪರಿವರ್ತಿಸಿದ ಬಳಿಕ ನೋಡಿದರೆ ಒಂದೇ ಭಾಷೆ ಉಳಿದಿರುತ್ತದೆ.

ಇದಕ್ಕೆ ಕಾರಣ ಕಡತದ ರಚನೆಯಲ್ಲಿದೆ. ವಿಡಿಯೊ ಕಡತವೆಂಬುದು ಒಂದು ಪೆಟ್ಟಿಗೆಯಿದ್ದಂತೆ. ಅದರೊಳಗೆ ದೃಶ್ಯ ಒಂದೇ. ಧ್ವನಿಯ ಟ್ರ್ಯಾಕ್‌ಗಳು ಪ್ರತ್ಯೇಕ. ಡಿವಿಡಿಯೊಂದರಲ್ಲಿ ಗರಿಷ್ಠ 8 ಟ್ರ್ಯಾಕ್‌ಗಳಿಗೆ ಅವಕಾಶವಿದೆ. ಪರಿವರ್ತಿಸುವ ತಂತ್ರಾಂಶಕ್ಕೆ ನಿರ್ದಿಷ್ಟವಾಗಿ ತಿಳಿಸದಿದ್ದರೆ ಅದು ಸಾಮಾನ್ಯವಾಗಿ ಒಂದನ್ನು ಮಾತ್ರ ಆರಿಸಿಕೊಂಡು ಉಳಿದವನ್ನು ಕೈಬಿಡುತ್ತದೆ. ಉಚಿತವಾಗಿ ದೊರೆಯುವ ಎಫ್‌ಎಫ್‌ಎಂಪೆಗ್, ಹೆಚ್ಚು ಚಾನೆಲ್‌ಗಳಿರುವ ಟ್ರ್ಯಾಕನ್ನು ಆಯ್ದುಕೊಳ್ಳುತ್ತದೆ. ಎಲ್ಲವೂ ಸಮವಾಗಿದ್ದರೆ ಮೊದಲನೆಯದನ್ನು. ಅದು ಯಾವ ಭಾಷೆ ಎಂಬುದರ ಗೊಡವೆ ಅದಕ್ಕಿಲ್ಲ.

ಪರಿಹಾರ ಕಷ್ಟದ್ದಲ್ಲ. ಎಫ್‌ಎಫ್‌ಎಂಪೆಗ್‌ನ ಆಜ್ಞೆಯಲ್ಲಿ ‘-ಮ್ಯಾಪ್ 0’ ಎಂಬ ಸೂಚನೆಯನ್ನು (ಇಂಗ್ಲಿಷ್ ಅಕ್ಷರಗಳಲ್ಲೇ) ಸೇರಿಸಿದರೆ ಮೂಲದಲ್ಲಿರುವ ಎಲ್ಲ ಟ್ರ್ಯಾಕ್‌ಗಳೂ ಆಯ್ಕೆಯಾಗುತ್ತವೆ. ಆಜ್ಞೆ ಬರೆಯುವ ರಗಳೆ ಬೇಡವೆನ್ನುವವರು ಹ್ಯಾಂಡ್‌ಬ್ರೇಕ್ ಬಳಸಬಹುದು. ಅದರ ಆಡಿಯೊ ವಿಭಾಗವನ್ನು ತೆರೆದು, ಬಿಟ್ಟುಹೋದ ಟ್ರ್ಯಾಕ್‌ಗಳನ್ನು ಸೇರಿಸಿದ ಮೇಲೆಯೇ ಪರಿವರ್ತನೆ ಆರಂಭಿಸಬೇಕು. ನಕಲು ತಡೆ ಇರುವ ಡಿಸ್ಕ್‌ಗಳನ್ನು ಮಾತ್ರ ಅದು ತೆರೆಯುವುದಿಲ್ಲ.

ಹಲವು ಭಾಷೆಗಳಿಗೆ ಎಂಕೆವಿ ಕಡತವೇ ಬೇಕೆಂಬ ಮಾತು ಪೂರ್ತಿ ನಿಜವಲ್ಲ. ಎಂಪಿ4 ಕೂಡ ಅನೇಕ ಟ್ರ್ಯಾಕ್‌ಗಳನ್ನು ಹಿಡಿದಿಡಬಲ್ಲದು. ತೊಡಕಿರುವುದು ಧ್ವನಿಯ ಬಗೆಯಲ್ಲಿ. ಡಿವಿಡಿಗಳಲ್ಲಿ ಸಾಮಾನ್ಯವಾಗಿರುವ ಡಾಲ್ಬಿ ಎಸಿ-3 ಧ್ವನಿ ಎಲ್ಲ ಮೊಬೈಲ್‌ಗಳಲ್ಲೂ ಕೇಳಿಸದು. ಆದ್ದರಿಂದ ಎಲ್ಲ ಟ್ರ್ಯಾಕ್‌ಗಳನ್ನೂ ಎಎಸಿಗೆ ಬದಲಾಯಿಸುವುದು ಕ್ಷೇಮ. ಕಡತ ಬೆಳೆಯುತ್ತದೆಂಬ ಅಂಜಿಕೆಗೂ ಆಧಾರ ಕಡಿಮೆ. ಸೆಕೆಂಡಿಗೆ 128 ಕಿಲೋಬಿಟ್‌ನ ಟ್ರ್ಯಾಕ್ ಗಂಟೆಗೆ ಸುಮಾರು 58 ಎಂಬಿ ಜಾಗ ಹಿಡಿಯುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ ಇನ್ನೊಂದು ಭಾಷೆ ಸೇರಿಸಿದರೆ ಹೆಚ್ಚುವುದು ಸುಮಾರು 144 ಎಂಬಿ ಅಷ್ಟೆ.

ಪ್ರತಿ ಟ್ರ್ಯಾಕ್‌ಗೂ ಭಾಷೆಯ ಹೆಸರು ನಮೂದಿಸುವುದನ್ನು ಮರೆಯಬಾರದು. ಇಲ್ಲವಾದರೆ ಟಿವಿಯ ಪರದೆಯ ಮೇಲೆ ‘ಟ್ರ್ಯಾಕ್ 1’, ‘ಟ್ರ್ಯಾಕ್ 2’ ಎಂದಷ್ಟೇ ಕಾಣುವುದುಂಟು. ಮನೆಯ ಹಿರಿಯರು ರಿಮೋಟ್ ಹಿಡಿದು ತಡಕಾಡಬೇಕಾಗುತ್ತದೆ. ಕೆಲವು ಹಳೆಯ ಟಿವಿಗಳಲ್ಲಿ ಭಾಷೆ ಬದಲಿಸುವ ಸೌಲಭ್ಯವೇ ಇರುವುದಿಲ್ಲ. ಅಲ್ಲಿ ಮೊದಲ ಟ್ರ್ಯಾಕ್ ಮಾತ್ರ ಕೇಳಿಸುವುದೇ ಹೆಚ್ಚು. ಹಾಗಾಗಿ ಮನೆಗೆ ಹೆಚ್ಚು ಬೇಕಾದ ಭಾಷೆಯನ್ನು ಮೊದಲಿಗೆ ಇಡುವುದು ಲೇಸು.

ಕೈಬಿಟ್ಟ ಧ್ವನಿಯನ್ನು ಹೊಸ ಕಡತದಿಂದ ಮರಳಿ ಪಡೆಯಲು ಯಾವ ತಂತ್ರಾಂಶದಿಂದಲೂ ಸಾಧ್ಯವಿಲ್ಲ. ಆದಕಾರಣ ಪರಿವರ್ತನೆ ಮುಗಿದೊಡನೆ ವಿಎಲ್‌ಸಿಯಲ್ಲಿ ಕಡತವನ್ನು ತೆರೆದು, ಆಡಿಯೊ ಪಟ್ಟಿಯಲ್ಲಿರುವ ಪ್ರತಿ ಭಾಷೆಯನ್ನೂ ಆರಂಭದಲ್ಲಿ, ನಡುವೆ ಮತ್ತು ಕೊನೆಯಲ್ಲಿ ಕೇಳಿ ನೋಡಬೇಕು. ಅಲ್ಲಿಯವರೆಗೆ ಮೂಲ ಕಡತವನ್ನು ಅಳಿಸಬಾರದು.