ಪ್ರಶ್ನೆ ಕೇಳುವುದು ಅಧಿಕಪ್ರಸಂಗವಲ್ಲ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ರೋಗಗಳ ಪಾಠ ಮಾಡುತ್ತಿದ್ದೆ. ಸೊಳ್ಳೆಯಿಂದ ಮಲೇರಿಯಾ, ಉಣುಗಿನಿಂದ ಮಂಗನ ಕಾಯಿಲೆ ಎಂದು ಬೋರ್ಡಿನ ಮೇಲೆ ಪಟ್ಟಿ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಸಾರ್, ನಮ್ಮನೆ ದನದ ಮೈ ತುಂಬಾ ಉಣುಗು. ಅವಕ್ಕೆ ಯಾಕೆ ಮಂಗನ ಕಾಯಿಲೆ ಬರಲ್ಲ?”

ತರಗತಿ ಗೊಳ್ಳೆಂದು ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲು ಮನಸ್ಸೂ ಬರಲಿಲ್ಲ. “ಅಧಿಕಪ್ರಸಂಗ ಬೇಡ, ಕೂತ್ಕೋ. ಇನ್ನೂ ಅರ್ಧ ಪಾಠ ಬಾಕಿಯಿದೆ” ಎಂದೆ. ಅವನು ಕುಳಿತ. ಆ ವರ್ಷವೆಲ್ಲ ಮತ್ತೆ ಕೈ ಎತ್ತಲಿಲ್ಲ.

ಅವನ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಮಂಗನ ಕಾಯಿಲೆಯ ಪತ್ತೆಯ ಕಥೆಯನ್ನು ಸಾವಕಾಶವಾಗಿ ಕುಳಿತು ಓದಿದಾಗ. ಒಳ್ಳೆಯ ಪ್ರಶ್ನೆ ಎಂದರೆ ಯಾವುದು ಎಂಬುದಕ್ಕೆ ನಮ್ಮ ನೆಲದಲ್ಲೇ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕ್ಯಾಸನೂರಿನ ಕಾಡಿನಲ್ಲಿ

1957ರ ಮಾರ್ಚ್ ಸುಮಾರು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಕಾಡಂಚಿನ ಹಳ್ಳಿಗಳಲ್ಲಿ ಜನರಿಗೂ ವಿಪರೀತ ಜ್ವರ, ತಲೆನೋವು, ಮೈಕೈ ನೋವು. ಕೆಲವರಿಗೆ ರಕ್ತಸ್ರಾವ. ಸಾವುಗಳೂ ಆದವು.

ಇಂಥ ಹೊತ್ತಿನಲ್ಲಿ ಯಾರ ಬಾಯಿಂದಲಾದರೂ ಮೊದಲು ಬರುವುದು “ಮುಂದೆ ನಮ್ಮ ಗತಿಯೇನು?” ಎಂಬ ಮಾತು. ಅದು ಸಹಜವಾದ ಪ್ರಶ್ನೆ, ತಪ್ಪಲ್ಲ. ಆದರೆ ಎಲ್ಲಿ ಹುಡುಕಬೇಕೆಂದು ಅದು ತೋರಿಸುವುದಿಲ್ಲ. ಹಳ್ಳಿಯ ಜನ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದರು: ಮಂಗ ಸತ್ತ ಕಡೆಯೇ ಮನುಷ್ಯರಿಗೂ ಜ್ವರ. ‘ಮಂಗನ ಕಾಯಿಲೆ’ ಎಂಬ ಹೆಸರಿನಲ್ಲೇ ಆ ಗಮನ ಅಡಗಿದೆ. ಅದರಿಂದ ಹುಟ್ಟಿದ ಪ್ರಶ್ನೆ: ಮಂಗನಿಗೂ ಮನುಷ್ಯನಿಗೂ ಬಂದಿರುವುದು ಒಂದೇ ರೋಗವೇ?

ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ (ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ) ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತವರ ಸಂಗಡಿಗರು ಬಂದರು. ಅವರಿಗೂ ಒಂದು ಭಯವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಹೀಗೆಯೇ ಸಾಯುತ್ತವೆ. ಸೊಳ್ಳೆಯಿಂದ ಹರಡುವ ಆ ರೋಗ ಭಾರತದಲ್ಲಿ ಎಂದೂ ಕಾಣಿಸಿಕೊಂಡಿರಲಿಲ್ಲ. ಈಗ ಬಂದೇಬಿಟ್ಟಿತೇ?

‘ಅಲ್ಲ’ ಎಂಬುದೂ ಉತ್ತರವೇ

ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಿದರು. ಎರಡೂ ಕಡೆ ಇದ್ದದ್ದು ಒಂದೇ ವೈರಸ್. ಆದರೆ ಹಳದಿ ಜ್ವರದ್ದಲ್ಲ! ರಷ್ಯಾದ ಕಾಡುಗಳಲ್ಲಿ ಮೆದುಳಿನ ಉರಿಯೂತ ತರುವ ಒಂದು ವೈರಸ್ಸಿನ ಹತ್ತಿರದ ಸಂಬಂಧಿ.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಊಹೆ ಸುಳ್ಳಾಯಿತೆಂದು ಕೆಲಸ ಕೆಡಲಿಲ್ಲ. ಆ ರಷ್ಯಾದ ವೈರಸ್ ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಹಾಗಾದರೆ ಇಲ್ಲಿಯೂ ಉಣುಗನ್ನೇ ಹುಡುಕಬೇಕಲ್ಲವೇ? ಕಾಡಿನ ನೆಲದ ಮೇಲೆ ಬಟ್ಟೆಯನ್ನು ಎಳೆದಾಡಿ, ಅದಕ್ಕೆ ಅಂಟಿಕೊಂಡ ಉಣುಗುಗಳನ್ನು ಆರಿಸಿ ಪರೀಕ್ಷಿಸಿದರು. ವೈರಸ್ ಸಿಕ್ಕಿತು. ‘ಹೌದು’ ಅಥವಾ ‘ಅಲ್ಲ’ ಎಂದು ಪರೀಕ್ಷಿಸಿ ನೋಡಬಹುದಾದದ್ದು, ಯಾವ ಉತ್ತರ ಬಂದರೂ ಮುಂದಿನ ಹೆಜ್ಜೆ ತೋರಿಸುವಂಥದ್ದು – ಅದೇ ಒಳ್ಳೆಯ ಪ್ರಶ್ನೆ.

ಮುಂದಿನವೂ ಹಾಗೆಯೇ. ಯಾರಿಗೆ ರೋಗ ಬರುತ್ತಿದೆ? ಸೌದೆ, ಸೊಪ್ಪು, ದರಗು ತರಲು, ದನ ಮೇಯಿಸಲು ಕಾಡಿಗೆ ಹೋಗುವವರಿಗೆ. ಯಾವಾಗ? ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಉಣುಗಿನ ಮರಿಗಳು ಕಾಡಿನಲ್ಲಿ ಹೆಚ್ಚಿರುವಾಗ. ರೋಗಿಯಿಂದ ಇನ್ನೊಬ್ಬರಿಗೆ ಹರಡುತ್ತದೆಯೇ? ಇಲ್ಲ. ಈ ‘ಇಲ್ಲ’ದ ಬೆಲೆ ನೋಡಿ: ಜ್ವರ ಬಂದವರನ್ನು ದೂರವಿಡಬೇಕಾಗಿಲ್ಲ, ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಬಹುದು.

ಇನ್ನು ನನ್ನ ವಿದ್ಯಾರ್ಥಿ ಕೇಳಿದ ದನದ ವಿಷಯ. ಈ ವೈರಸ್ಸಿನಿಂದ ದನಗಳಿಗೆ ಕಾಯಿಲೆಯಾಗುವುದಿಲ್ಲ. ಆದರೆ ಬಲಿತ ಉಣುಗುಗಳು ಅವುಗಳ ರಕ್ತ ಹೀರಿ ಕೆಳಗುದುರಿ ರಾಶಿ ರಾಶಿ ಮೊಟ್ಟೆ ಇಡುತ್ತವೆ. ಕಾಡಿಗೆ ಮೇಯಲು ಹೋಗುವ ದನಗಳು ಹೀಗೆ ಉಣುಗಿನ ಸಂತತಿಯನ್ನು ಬೆಳೆಸುತ್ತವೆ. ನಾನು ಗದರಿಸಿ ಕೂರಿಸಿದ ಹುಡುಗ ಕೈಯಿಟ್ಟಿದ್ದು ರೋಗದ ಬೇರಿಗೇ!

ಮನೆಯಲ್ಲಿ, ತರಗತಿಯಲ್ಲಿ

ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ನೀಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಉಳಿದ ಪ್ರಶ್ನೆಗಳು ಇಂದಿನ ಮಕ್ಕಳಿಗಾಗಿ ಕಾದಿವೆ.

ಅನಿಶ್ಚಿತ ಕಾಲ ಎಂದರೇನೆಂದು ನಾವೆಲ್ಲ 2020ರಲ್ಲಿ ಕೊರೊನಾ ಬಂದಾಗ ಕಂಡೆವು. ಮೊಬೈಲಿಗೆ ದಿನಕ್ಕೊಂದು ಔಷಧಿ, ದಿನಕ್ಕೊಂದು ಗಾಳಿಸುದ್ದಿ. ಓದಿದವರೂ ನಂಬಿದರು. ಆಗ ಬೇಕಾಗಿದ್ದದ್ದು ಮೂರೇ ಪ್ರಶ್ನೆ: ಇದು ಹೇಗೆ ಗೊತ್ತಾಯಿತು? ನೋಡಿದವರು ಯಾರು, ಎಷ್ಟು ಜನರನ್ನು ನೋಡಿದರು? ಇದು ಸುಳ್ಳಾಗಿದ್ದರೆ ನಮಗೆ ತಿಳಿಯುವುದು ಹೇಗೆ? ವಿದ್ಯಾರ್ಥಿಗಳೇ, ಪಠ್ಯಪುಸ್ತಕದ ಪ್ರತಿ ಪಾಠಕ್ಕೂ ಇವನ್ನು ಕೇಳಿ ನೋಡಿ. “ಸಾರ್, ಇದು ಪರೀಕ್ಷೆಗೆ ಬರುತ್ತಾ?” ಎಂಬುದನ್ನು ಆಮೇಲೆ ಕೇಳಿದರಾಯಿತು.

ಈಗ ನನ್ನ ತರಗತಿಯ ಬೋರ್ಡಿನ ಒಂದು ಮೂಲೆ ಪ್ರಶ್ನೆಗಳಿಗೆ ಮೀಸಲು. ನನಗೆ ಉತ್ತರ ಗೊತ್ತಿಲ್ಲದವು ಅಲ್ಲಿ ಇರುತ್ತವೆ. ಯಾರಾದರೂ ಉತ್ತರ ತರುವವರೆಗೆ ಅಳಿಸುವಂತಿಲ್ಲ. ಕೆಲವು ತಿಂಗಳುಗಟ್ಟಲೆ ಇರುತ್ತವೆ. ಅದರಿಂದ ಮೇಷ್ಟ್ರ ಮರ್ಯಾದೆಯೇನೂ ಕಡಿಮೆಯಾಗಿಲ್ಲ.

ಪೋಷಕರಲ್ಲಿ ಒಂದು ಮನವಿ. ದಿನದ ದುಡಿಮೆ ಮುಗಿಸಿ ದಣಿದು ಬಂದಾಗ ಮಗು ಹತ್ತು ಪ್ರಶ್ನೆ ಕೇಳಿದರೆ ಬೇಸರವಾಗುವುದು ಸಹಜ. ಎಲ್ಲಕ್ಕೂ ಉತ್ತರ ಹೇಳಬೇಕಾಗಿಲ್ಲ. “ನನಗೂ ಗೊತ್ತಿಲ್ಲ, ಇಬ್ಬರೂ ಸೇರಿ ಹುಡುಕೋಣ” ಎಂದರೆ ಸಾಕು. ಅಂದು ನಾನು ಅಷ್ಟು ಹೇಳಿದ್ದರೆ, ಹಿಂದಿನ ಬೆಂಚಿನ ಆ ಹುಡುಗ ಮತ್ತೊಮ್ಮೆ ಕೈ ಎತ್ತುತ್ತಿದ್ದ.